ಬೆಳ್ಳಿ ನಾಣ್ಯದ ಮೇಲೆ ‘2 ಡಾಲರ್’ ಎಂದಿದ್ದರೆ ಅದರ ಬೆಲೆ ಅಷ್ಟೇನಾ? ದ್ವೀಪ ದೇಶಗಳ ನಾಣ್ಯ ಮತ್ತು ರಾಜರ ಕಾಲದ ರೂಪಾಯಿ: ನಿಜವೇನು, ಸುಳ್ಳೇನು?

ಟಿ. ನರಸೀಪುರದಲ್ಲಿರುವ ನಮ್ಮ ದೊಡ್ಡಮ್ಮನ ಬೀರುವಿನಲ್ಲಿ ಒಂದು ಬೆಳ್ಳಿ ನಾಣ್ಯವಿತ್ತು. ಗೃಹಪ್ರವೇಶಕ್ಕೆ ಬಂದಿದ್ದ ಅಮೆರಿಕದ ನೆಂಟರು ಕೊಟ್ಟ ಉಡುಗೊರೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಆ ನಾಣ್ಯದ ಮೇಲೆ ‘ಸೇಂಟ್ ಲೂಸಿಯಾ’ ಎಂಬ ಹೆಸರು, ‘2 ಡಾಲರ್’ ಎಂಬ ಮುಖಬೆಲೆ, ಒಂದು ಔನ್ಸ್ ಶುದ್ಧ ಬೆಳ್ಳಿ ಎಂಬ ಬರಹ ಇದ್ದವು. ಮೊಮ್ಮಗಳ ನರ್ಸಿಂಗ್ ಕಾಲೇಜಿನ ಶುಲ್ಕಕ್ಕೆ ಸ್ವಲ್ಪ ಹಣ ಕಡಿಮೆ ಬಿದ್ದಾಗ ದೊಡ್ಡಮ್ಮನಿಗೆ ಅದು ನೆನಪಾಯಿತು. ಅದರ ಜೊತೆಗೆ ತಾಯಿ ಮನೆಯಿಂದ ಬಂದ ಆರು ‘ರಾಜನ ತಲೆ’ಯ ರೂಪಾಯಿಗಳೂ ಇದ್ದವು.

ನಂಜನಗೂಡಿನ ಒಂದು ಅಂಗಡಿಯಲ್ಲಿ, "ಎರಡು ಡಾಲರ್ ಅಂತ ಬರೆದಿದೆಯಲ್ಲಕ್ಕ, ನಮ್ಮ ದುಡ್ಡಲ್ಲಿ ಇನ್ನೂರು ರೂಪಾಯಿ ಆಗಬಹುದು" ಎಂದರಂತೆ. ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, "ಇಂಥದ್ದಕ್ಕೆ ಲಕ್ಷ ಕೊಡ್ತಾರೆ ಅಜ್ಜಿ" ಎಂದ. ದೊಡ್ಡಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇನ್ನೂರೋ ಲಕ್ಷವೋ, ಯಾವುದು ನಿಜ ಮಗ?"

ಎರಡೂ ನಿಜವಲ್ಲ. ಯಾಕೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ನಾಣ್ಯ, ಮೂರು ಬೆಲೆ

ಯಾವುದೇ ಬೆಳ್ಳಿ ನಾಣ್ಯಕ್ಕೆ ಮೂರು ಬೇರೆ ಬೇರೆ ಬೆಲೆಗಳಿರುತ್ತವೆ. ಇವುಗಳನ್ನು ಬೆರೆಸಿಕೊಂಡಾಗಲೇ ಗೊಂದಲವೂ ಮೋಸವೂ ಶುರುವಾಗುವುದು.

ಮೊದಲನೆಯದು ಮುಖಬೆಲೆ. ಅಂದರೆ ನಾಣ್ಯದ ಮೇಲೆ ಅಚ್ಚಾಗಿರುವ ಮೊತ್ತ. ಎರಡನೆಯದು ಲೋಹದ ಬೆಲೆ, ಅಂದರೆ ಅದರಲ್ಲಿರುವ ಬೆಳ್ಳಿಗೆ ಇವತ್ತಿನ ಮಾರುಕಟ್ಟೆ ದರ. ಮೂರನೆಯದು ಸಂಗ್ರಹದ ಬೆಲೆ. ಅದೇ ನಾಣ್ಯ ಬೇಕೆಂದು ಹುಡುಕುವ ಸಂಗ್ರಾಹಕರು ಲೋಹದ ಬೆಲೆಯ ಮೇಲೆ ಹೆಚ್ಚಿಗೆ ಕೊಡುವ ಹಣ ಇದು.

ಅಂಗಡಿಯವರು ದೊಡ್ಡಮ್ಮನಿಗೆ ಹೇಳಿದ್ದು ಮೊದಲನೆಯ ಬೆಲೆ. ವಿಡಿಯೊದಲ್ಲಿ ಹೇಳಿದ್ದು ಮೂರನೆಯದು, ಅದೂ ಉಬ್ಬಿಸಿ. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಎರಡನೆಯದು.

ಸೇಂಟ್ ಲೂಸಿಯಾ ಎಲ್ಲಿದೆ? ಅದರ ನಾಣ್ಯ ಅಮೆರಿಕದಲ್ಲಿ ಯಾಕೆ ತಯಾರಾಗುತ್ತದೆ?

ಸೇಂಟ್ ಲೂಸಿಯಾ ಕೆರಿಬಿಯನ್ ಸಮುದ್ರದ ಒಂದು ದ್ವೀಪ ದೇಶ. ಕ್ರಿಕೆಟ್ ನೋಡುವವರಿಗೆ ವೆಸ್ಟ್ ಇಂಡೀಸ್ ತಂಡದ ನಾಯಕರಾಗಿದ್ದ ಡ್ಯಾರೆನ್ ಸಾಮಿ ಅವರ ಊರು ಎಂದರೆ ಬೇಗ ಗೊತ್ತಾಗುತ್ತದೆ. ವಿಸ್ತೀರ್ಣದಲ್ಲಿ ನಮ್ಮ ಮೈಸೂರು ಜಿಲ್ಲೆಯ ಸುಮಾರು ಹತ್ತನೇ ಒಂದು ಭಾಗ. 1979ರಲ್ಲಿ ಸ್ವತಂತ್ರವಾಯಿತು. ಸೇಂಟ್ ಲೂಸಿಯಾ, ಆಂಟಿಗುವಾ ಮತ್ತು ಬಾರ್ಬುಡಾ, ಡೊಮಿನಿಕಾ, ಗ್ರೆನಡಾ, ಸೇಂಟ್ ಕಿಟ್ಸ್ ಮತ್ತು ನೆವಿಸ್, ಸೇಂಟ್ ವಿನ್ಸೆಂಟ್, ಅಂಗ್ವಿಲಾ, ಮಾಂಟ್ಸೆರಾಟ್ ಈ ಎಂಟು ಪ್ರದೇಶಗಳಿಗೂ ಸೇರಿ ಒಂದೇ ಕೇಂದ್ರ ಬ್ಯಾಂಕ್ ಇದೆ, ಒಂದೇ ಹಣ ಇದೆ. ಅದೇ ಪೂರ್ವ ಕೆರಿಬಿಯನ್ ಡಾಲರ್.

ಅಮೆರಿಕದ ಅರಿಜೋನಾದಲ್ಲಿರುವ ಸ್ಕಾಟ್ಸ್‌ಡೇಲ್ ಮಿಂಟ್ ಎಂಬ ಖಾಸಗಿ ಟಂಕಸಾಲೆ 2018ರಿಂದ ಈ ಎಂಟು ದ್ವೀಪ ಪ್ರದೇಶಗಳ ಹೆಸರಿನಲ್ಲಿ ಬೆಳ್ಳಿ ನಾಣ್ಯಗಳ ಸರಣಿಯನ್ನು ಹೊರತಂದಿತು. ಪ್ರತಿಯೊಂದರಲ್ಲೂ ಆ ದ್ವೀಪದ ಗುರುತಾದ ಯಾವುದೋ ಒಂದು ಚಿತ್ರ. ಪೆಸಿಫಿಕ್ ಸಾಗರದ ನಿಯುವೆ ಎಂಬ ಪುಟ್ಟ ದ್ವೀಪದ ಹೆಸರಿನಲ್ಲೂ ಇಂಥ ನಾಣ್ಯಗಳು ಬರುತ್ತವೆ. 2011ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಪಾತ್ರಗಳಿರುವ ನಾಣ್ಯಗಳೂ ನಿಯುವೆ ಹೆಸರಿನಲ್ಲಿ ಬಂದಿದ್ದವು.

ಸಣ್ಣ ದೇಶಗಳೇ ಯಾಕೆ? ಒಂದು ದೇಶದ ಕಾನೂನಿನ ಒಪ್ಪಿಗೆಯಿಂದ, ಮುಖಬೆಲೆ ಹಾಕಿ ಹೊರಡಿಸಿದ್ದನ್ನು ಮಾತ್ರ ನಾಣ್ಯ ಎನ್ನುತ್ತಾರೆ. ಆ ಒಪ್ಪಿಗೆ ಇಲ್ಲದಿದ್ದರೆ ಅಷ್ಟೇ ಬೆಳ್ಳಿ ಇದ್ದರೂ ಅದು ಬರೀ ಬಿಲ್ಲೆ ಅಥವಾ ಪದಕ. ನಾಣ್ಯ ಎನಿಸಿಕೊಂಡರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಹಾಗಾಗಿ ಟಂಕಸಾಲೆಗೆ ದೇಶದ ಹೆಸರು ಬೇಕು, ಸಣ್ಣ ದೇಶಕ್ಕೆ ಆದಾಯವೂ ಪ್ರಚಾರವೂ ಬೇಕು. ಒಪ್ಪಂದ ನಡೆಯುವುದು ಹೀಗೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಆ ದ್ವೀಪದ ಜನ ಈ ನಾಣ್ಯ ಕೊಟ್ಟು ತರಕಾರಿ ಕೊಳ್ಳುವುದಿಲ್ಲ. ಇದು ತಯಾರಾಗುವುದೇ ಕೊಂಡು ಇಟ್ಟುಕೊಳ್ಳುವವರಿಗಾಗಿ.

ತಪ್ಪು ಕಲ್ಪನೆ 1: ‘2 ಡಾಲರ್ ಎಂದಿದ್ದರೆ ಬೆಲೆ ಅಷ್ಟೇ’

ಒಂದು ಪೂರ್ವ ಕೆರಿಬಿಯನ್ ಡಾಲರ್ ಅಮೆರಿಕದ ಡಾಲರ್‌ಗೆ ಸಮವಲ್ಲ. 1976ರಿಂದ ಅಮೆರಿಕದ 1 ಡಾಲರ್‌ಗೆ ಇದರ 2.70 ಡಾಲರ್ ಎಂಬ ದರ ನಿಗದಿಯಾಗಿದೆ. ಆ ಲೆಕ್ಕದಲ್ಲಿ ದೊಡ್ಡಮ್ಮನ ನಾಣ್ಯದ ಮುಖಬೆಲೆ ಅಮೆರಿಕದ ಒಂದು ಡಾಲರ್ ಕೂಡ ಅಲ್ಲ, ಸುಮಾರು 74 ಸೆಂಟ್. ಅಂದರೆ ಇನ್ನೂರು ರೂಪಾಯಿ ಇರಲಿ, ನೂರು ರೂಪಾಯಿಯೂ ಆಗುವುದಿಲ್ಲ!

ಆದರೆ ಅದರಲ್ಲಿರುವ ಬೆಳ್ಳಿ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಲೆಕ್ಕ ಸುಲಭವಾಗಲೆಂದು ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಂಡರೂ 3,110 ರೂಪಾಯಿ. ನೀವು ಲೆಕ್ಕ ಹಾಕುವಾಗ ಆ ದಿನದ ದರ ಹಾಕಿಕೊಳ್ಳಿ.

ಮುಖಬೆಲೆಗೂ ಬೆಳ್ಳಿಗೂ ಸಂಬಂಧವಿಲ್ಲ ಎನ್ನುವುದಕ್ಕೆ ಬೇರೆ ದೇಶಗಳ ನಾಣ್ಯಗಳನ್ನೂ ನೋಡಬಹುದು. ಅಮೆರಿಕದ ‘ಈಗಲ್’ ನಾಣ್ಯದ ಮೇಲೆ 1 ಡಾಲರ್ ಎಂದಿದೆ. ಕೆನಡಾದ ‘ಮೇಪಲ್ ಲೀಫ್’ ಮೇಲೆ 5 ಡಾಲರ್, ಬ್ರಿಟನ್ನಿನ ‘ಬ್ರಿಟಾನಿಯಾ’ ಮೇಲೆ 2 ಪೌಂಡ್. ಮೂರರಲ್ಲೂ ಇರುವುದು ಒಂದೇ ಔನ್ಸ್ ಬೆಳ್ಳಿ. ಮುಖಬೆಲೆ ಅದನ್ನು ಕಾನೂನಿನ ಕಣ್ಣಲ್ಲಿ ನಾಣ್ಯ ಮಾಡುತ್ತದೆ, ಅಷ್ಟೇ.

ನಮ್ಮ ದೇಶದಲ್ಲೂ ಹೀಗೆಯೇ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ ಹೊರಡಿಸಿದ 1000 ರೂಪಾಯಿ ನಾಣ್ಯದ ತೂಕ 35 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 80. 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಬಂದ 75 ರೂಪಾಯಿ ನಾಣ್ಯದ ತೂಕವೂ 35 ಗ್ರಾಂ, ಆದರೆ ಬೆಳ್ಳಿ ಶೇ. 50 ಮಾತ್ರ.

ಮುಖಬೆಲೆಯೂ ಬೆಳ್ಳಿಯೂ ಒಂದೇ ಆಗಿದ್ದ ಕಾಲ

ಹಿಂದೆ ಹೀಗಿರಲಿಲ್ಲ. ನಾಣ್ಯದ ಬೆಲೆ ಅದರೊಳಗಿನ ಲೋಹದ ಬೆಲೆಯನ್ನೇ ಹಿಡಿದುಕೊಂಡಿತ್ತು. ಇದಕ್ಕೆ ದೂರ ಹೋಗಬೇಕಿಲ್ಲ. ಕಾವೇರಿ ಸುತ್ತುವರಿದ ಶ್ರೀರಂಗಪಟ್ಟಣವೂ ಒಂದು ದ್ವೀಪವೇ. ಟಿಪ್ಪುವಿನ ಕಾಲದಲ್ಲಿ ಅಲ್ಲಿನ ಟಂಕಸಾಲೆಯಲ್ಲಿ ‘ಇಮಾಮಿ’ ಎಂಬ ಬೆಳ್ಳಿ ರೂಪಾಯಿ, ‘ಹೈದರಿ’ ಎಂಬ ಎರಡು ರೂಪಾಯಿ ನಾಣ್ಯ ಅಚ್ಚಾಗುತ್ತಿದ್ದವು. ಹೈದರಿಯ ತೂಕ ಸುಮಾರು 23 ಗ್ರಾಂ, ಇಮಾಮಿಯದು ಅದರ ಅರ್ಧ. ಬೆಲೆ ಎರಡರಷ್ಟಾದರೆ ಬೆಳ್ಳಿಯೂ ಎರಡರಷ್ಟು.

ಬ್ರಿಟಿಷರ ಕಾಲದ ರೂಪಾಯಿಯೂ ಅದೇ ಜಾತಿಯದ್ದು. ಅದರ ತೂಕ 11.66 ಗ್ರಾಂ. ನಮ್ಮ ಅಜ್ಜಿಯರು ‘ಒಂದು ರೂಪಾಯಿ ತೂಕ’ ಎಂದರೆ ಒಂದು ತೊಲ ಎಂದೇ ಅರ್ಥ.

ತಪ್ಪು ಕಲ್ಪನೆ 2: ‘ರಾಜರ ಕಾಲದ ರೂಪಾಯಿ ಎಲ್ಲವೂ ಒಂದೇ, ಎಲ್ಲಕ್ಕೂ ಲಕ್ಷ ಬರುತ್ತದೆ’

ಮೊದಲು ಇಸವಿ ನೋಡಿ. 1835ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿಗಳಲ್ಲಿ ಬೆಳ್ಳಿ ಶೇ. 91.7. ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಉಳಿಸಲು 1940ರಿಂದ ಅದನ್ನು ಶೇ. 50ಕ್ಕೆ ಇಳಿಸಿದರು. ಆ ನಾಣ್ಯದಲ್ಲಿರುವುದು ಸುಮಾರು 5.8 ಗ್ರಾಂ ಬೆಳ್ಳಿ. 1947ರ ಇಸವಿಯ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಇದಕ್ಕೆ ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ.

ದೊಡ್ಡಮ್ಮನ ಆರು ನಾಣ್ಯಗಳಲ್ಲಿ ನಾಲ್ಕು ಐದನೇ ಜಾರ್ಜ್‌ನವು, ಎರಡು 1940ರ ನಂತರದವು. ನೋಡಲು ಎಲ್ಲ ಒಂದೇ ಥರ ಇದ್ದರೂ ಬೆಳ್ಳಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ವ್ಯತ್ಯಾಸ.

ಇನ್ನು ಲಕ್ಷದ ಮಾತು. ಹಳೆಯದು ಎಂಬ ಕಾರಣಕ್ಕೇ ನಾಣ್ಯ ದುಬಾರಿಯಾಗುವುದಿಲ್ಲ. ಈ ರೂಪಾಯಿಗಳು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಅಚ್ಚಾಗಿವೆ. ಎಷ್ಟು ಉಳಿದಿವೆ, ಎಷ್ಟು ಜನರಿಗೆ ಬೇಕು, ಸವೆತ ಎಷ್ಟು ಎಂಬ ಮೂರು ಸಂಗತಿಗಳು ಸಂಗ್ರಹದ ಬೆಲೆಯನ್ನು ತೀರ್ಮಾನಿಸುತ್ತವೆ. ಉದಾಹರಣೆಗೆ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯಾಗಿ ನಾಣ್ಯವನ್ನು ಹಿಂದಕ್ಕೆ ಪಡೆದು, ಚಿತ್ರ ತಿದ್ದಿದರು. ಹಾಗಾಗಿ ಅದಕ್ಕೆ ಹೆಚ್ಚು ಬೇಡಿಕೆ. 1939ರ ರೂಪಾಯಿಯೂ ಅಪರೂಪ, ಅದಕ್ಕೇ ಅದರ ನಕಲಿಗಳೂ ಬಹಳ. ಉಳಿದ ಸಾಮಾನ್ಯ ಇಸವಿಗಳ ಸವೆದ ನಾಣ್ಯಗಳಿಗೆ ಬೆಳ್ಳಿಯ ಬೆಲೆಯ ಮೇಲೆ ಸಿಗುವುದು ಸ್ವಲ್ಪವೇ.

ಇನ್ನೊಂದು ಎಚ್ಚರ. ದೀಪಾವಳಿ ಹೊತ್ತಿಗೆ ಅಂಗಡಿಗಳಲ್ಲಿ ರಾಜ ರಾಣಿಯರ ತಲೆಯ ಅಚ್ಚಿರುವ ಹೊಸ ಬೆಳ್ಳಿ ಬಿಲ್ಲೆಗಳೂ ಸಿಗುತ್ತವೆ. ಅವು ಹಳೆಯ ನಾಣ್ಯಗಳಲ್ಲ. ಬೆಳ್ಳಿಯ ಬೆಲೆ ಬಿಟ್ಟರೆ ಬೇರೆ ಬೆಲೆ ಅವಕ್ಕಿಲ್ಲ.

ತಪ್ಪು ಕಲ್ಪನೆ 3: ‘ಅಯಸ್ಕಾಂತ ಅಂಟಲಿಲ್ಲ, ಮಂಜುಗಡ್ಡೆ ಬೇಗ ಕರಗಿತು, ಹಾಗಾದರೆ ಅಪ್ಪಟ ಬೆಳ್ಳಿ’

ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ತಾಮ್ರಕ್ಕೂ ಅಂಟುವುದಿಲ್ಲ, ಜರ್ಮನ್ ಸಿಲ್ವರ್‌ಗೂ ಅಂಟುವುದಿಲ್ಲ. ಅಂದಹಾಗೆ, ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಮಂಜುಗಡ್ಡೆಯದೂ ಇದೇ ಕಥೆ. ಬೆಳ್ಳಿ ಶಾಖವನ್ನು ಬೇಗ ಸಾಗಿಸುವುದರಿಂದ ಮಂಜುಗಡ್ಡೆ ಬೇಗ ಕರಗುತ್ತದೆ, ಆದರೆ ತಾಮ್ರವೂ ಹೆಚ್ಚುಕಡಿಮೆ ಅಷ್ಟೇ ಬೇಗ ಸಾಗಿಸುತ್ತದೆ. ಬೆಳ್ಳಿ ಲೇಪಿಸಿದ ತಾಮ್ರದ ಬಿಲ್ಲೆ ಈ ಎರಡೂ ಪರೀಕ್ಷೆಗಳಲ್ಲಿ ಪಾಸಾಗಿಬಿಡುತ್ತದೆ. ನಂಜನಗೂಡಿನ ದೊಡ್ಡಜಾತ್ರೆ ಇರಲಿ, ತಿರುಮಕೂಡಲಿನ ಕುಂಭಮೇಳ ಇರಲಿ, ಜನ ಸೇರಿದ ಕಡೆ ಬಿಲ್ಲಿಲ್ಲದೆ ಮಾರುವ ‘ಬೆಳ್ಳಿ ಲಕ್ಷ್ಮಿ ನಾಣ್ಯ’ ಕೊಳ್ಳುವಾಗ ಇದು ನೆನಪಿರಲಿ.

ಹಾಗಾದರೆ ಮನೆಯಲ್ಲೇ ಮಾಡಬಹುದಾದ ನಂಬಿಕಸ್ತ ಪರೀಕ್ಷೆ ಯಾವುದು? ನೀರಿನಲ್ಲಿ ತೂಗುವುದು. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

1. ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಒಂದು ಔನ್ಸ್ ನಾಣ್ಯವಾದರೆ 31.1 ಗ್ರಾಂ ಇರಬೇಕು.

2. ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ.

3. ನಾಣ್ಯವನ್ನು ಸಣ್ಣ ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ.

4. ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಉತ್ತರ 10.5ರ ಆಸುಪಾಸಿನಲ್ಲಿ ಬರಬೇಕು. ಅದೇ ಬೆಳ್ಳಿಯ ಸಾಂದ್ರತೆ.

ಒಂದು ಔನ್ಸ್ ಬೆಳ್ಳಿಗೆ ತಕ್ಕಡಿ ಸುಮಾರು 2.97 ಗ್ರಾಂ ತೋರಿಸುತ್ತದೆ. ಅಷ್ಟೇ ತೂಕದ ತಾಮ್ರವಾದರೆ 3.47ರ ಹತ್ತಿರ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ. ಐದನೇ ಜಾರ್ಜ್ ರೂಪಾಯಿಯಲ್ಲಿ ತಾಮ್ರ ಸ್ವಲ್ಪ ಬೆರೆತಿರುವುದರಿಂದ ಉತ್ತರ 10.3ರ ಹತ್ತಿರ ಬರುತ್ತದೆ. ಸೀಸ ಮತ್ತು ತವರವನ್ನು ಲೆಕ್ಕ ಹಾಕಿ ಬೆರೆಸಿದರೆ ಈ ಪರೀಕ್ಷೆಯನ್ನೂ ವಂಚಿಸಬಹುದು. ಆದರೆ ಅದು ಮೆತ್ತಗಿರುತ್ತದೆ, ತಟ್ಟಿದರೆ ಬೆಳ್ಳಿಯ ಹಾಗೆ ನಾದ ಬರುವುದಿಲ್ಲ.

ಅಂಗಡಿಗಳಲ್ಲಿರುವ ಎಕ್ಸ್‌ರೇ ಯಂತ್ರ ಗೀಚದೆ, ಕರಗಿಸದೆ ಶುದ್ಧತೆ ಹೇಳುತ್ತದೆ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಲೇಪ ದಪ್ಪಗಿದ್ದರೆ ಅದೂ ಮೋಸಹೋಗಬಹುದು. ಆದ್ದರಿಂದ ಯಂತ್ರದ ಪರೀಕ್ಷೆ, ನೀರಿನ ಪರೀಕ್ಷೆ ಎರಡೂ ಹೊಂದಿಕೆಯಾದರೆ ನಿಶ್ಚಿಂತೆ.

ತಪ್ಪು ಕಲ್ಪನೆ 4: ‘ಹಾಲ್‌ಮಾರ್ಕ್ ಇಲ್ಲ ಎಂದರೆ ನಕಲಿ’

ಹಾಲ್‌ಮಾರ್ಕ್ ಕೊಡುವುದು ಭಾರತೀಯ ಮಾನಕ ಬ್ಯೂರೋ. ನಮ್ಮಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಇನ್ನೂ ಕಡ್ಡಾಯವಾಗಿಲ್ಲ, ಐಚ್ಛಿಕ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಚಿನ್ನದಂತೆಯೇ ಆರು ಅಕ್ಷರ ಮತ್ತು ಅಂಕಿಗಳ ವಿಶಿಷ್ಟ ಸಂಖ್ಯೆಯ ವ್ಯವಸ್ಥೆ ಬಂದಿದೆ. ಹೊಸದಾಗಿ ಬೆಳ್ಳಿ ಕೊಳ್ಳುವವರು ಇದನ್ನು ಕೇಳಿ ಪಡೆಯುವುದು ಒಳ್ಳೆಯದು. ಆದರೆ ವಿದೇಶಿ ಟಂಕಸಾಲೆಯ ನಾಣ್ಯದ ಮೇಲೆ ನಮ್ಮ ಹಾಲ್‌ಮಾರ್ಕ್ ಇರುವುದಿಲ್ಲ. ಅದು ಇಲ್ಲದ್ದಕ್ಕೆ ನಕಲಿ ಎನ್ನಲಾಗದು. ಹಾಗೆಯೇ ‘999’ ಎಂದು ಬರೆದಿರುವುದರಿಂದಲೇ ಅಸಲಿಯೂ ಆಗುವುದಿಲ್ಲ. ಅಕ್ಷರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಪರೀಕ್ಷೆ ಮಾಡಿಸುವುದೊಂದೇ ದಾರಿ.

ತಪ್ಪು ಕಲ್ಪನೆ 5: ‘ಅಸಲಿ ಬೆಳ್ಳಿ ಕಪ್ಪಾಗುವುದಿಲ್ಲ, ಕಪ್ಪಾದರೆ ಚೆನ್ನಾಗಿ ತಿಕ್ಕಬೇಕು’

ಎರಡೂ ತಪ್ಪು. ಗಾಳಿಯಲ್ಲಿರುವ ಗಂಧಕದ ಅಂಶದ ಜೊತೆ ಬೆಳ್ಳಿ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರ ಕಟ್ಟುತ್ತದೆ. ಶೇ. 99.9 ಶುದ್ಧ ಬೆಳ್ಳಿಯೂ ಕಪ್ಪಾಗುತ್ತದೆ. ಪೂಜೆಯ ಬಟ್ಟಲು, ದೀಪಗಳನ್ನು ನಾವು ವಿಭೂತಿ ಹಾಕಿ ತಿಕ್ಕುತ್ತೇವೆ. ಕೆಲವರು ಹುಣಸೆಹಣ್ಣು, ಕೆಲವರು ಹಲ್ಲುಪುಡಿ ಬಳಸುತ್ತಾರೆ. ಪಾತ್ರೆಗೆ ಅದು ಸರಿ. ನಾಣ್ಯಕ್ಕೆ ಬೇಡವೇ ಬೇಡ. ನಂಜನಗೂಡು ಹಲ್ಲುಪುಡಿಯನ್ನು ಹಲ್ಲಿಗೇ ಇಟ್ಟುಕೊಳ್ಳಿ! ಪುಡಿಯ ಕಣಗಳು ನಾಣ್ಯದ ಮೇಲೆ ಸಣ್ಣ ಗೀರು ಬೀಳಿಸುತ್ತವೆ. ಬೆಳ್ಳಿಯ ಬೆಲೆಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ, ಆದರೆ ಸಂಗ್ರಾಹಕರು ತಿಕ್ಕಿದ ನಾಣ್ಯವನ್ನು ತಕ್ಷಣ ಗುರುತಿಸಿ ಬೆಲೆ ಇಳಿಸುತ್ತಾರೆ. ಡಬ್ಬಿಯಲ್ಲಿ ಬಂದದ್ದನ್ನು ಡಬ್ಬಿಯಲ್ಲೇ ಇಡಿ. ತೆಗೆಯಲೇಬೇಕಾದರೆ ಅಂಚು ಹಿಡಿದು ತೆಗೆಯಿರಿ. ನೀರಿನ ಪರೀಕ್ಷೆ ಮಾಡಿದರೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ಮೋಸ ನಡೆಯುವುದು ಎಲ್ಲಿ?

ದೊಡ್ಡಮ್ಮ ನನ್ನನ್ನು ಕೇಳುವ ಮೊದಲೇ ಒಂದು ತಪ್ಪು ನಡೆದುಹೋಗಿತ್ತು. ಪಕ್ಕದ ಮನೆ ಹುಡುಗ ವಿಡಿಯೊದಲ್ಲಿದ್ದ ನಂಬರಿಗೆ ನಾಣ್ಯಗಳ ಫೋಟೊ ಕಳಿಸಿದ್ದ. ಆ ಕಡೆಯಿಂದ ಫೋನ್ ಬಂತು. ಆರು ರೂಪಾಯಿಗಳಿಗೆ ನಾಲ್ಕೂವರೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ 1,850 ರೂಪಾಯಿ ಕಟ್ಟಿ ಎಂದರು. ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಒಂದು ಪತ್ರವನ್ನೂ ಕಳಿಸಿದರು. ದೊಡ್ಡಮ್ಮ ಕಟ್ಟಿಸಿದರು. ಮಾರನೇ ದಿನ ತೆರಿಗೆಗೆಂದು 6,200 ರೂಪಾಯಿ ಕೇಳಿದಾಗ ಅನುಮಾನ ಬಂದು ನಿಲ್ಲಿಸಿದರು. ಕಟ್ಟಿದ ಹಣ ವಾಪಸ್ ಬರಲಿಲ್ಲ. ಶುಲ್ಕಕ್ಕೆಂದು ಕೂಡಿಸಿಟ್ಟ ಹಣದಲ್ಲೇ ಅಷ್ಟು ಹೋಯಿತು. "ಓದಿದವರು ಬರೆದ ಕಾಗದದ ಥರಾನೇ ಇತ್ತು ಮಗ" ಎಂದು ಅವರು ಹೇಳಿದಾಗ ನನಗೆ ಬೈಯುವ ಮನಸ್ಸಾಗಲಿಲ್ಲ.

ಈ ಬಗೆಯ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನು ಕೈಹಾಕುವುದಿಲ್ಲ, ಯಾವುದೇ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ನೆನಪಿಡಬೇಕಾದ ಸೂತ್ರ ಒಂದೇ: ನಾಣ್ಯ ಕೊಳ್ಳುವವನು ಹಣ ಕೊಡಬೇಕು, ಕೇಳಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ವಿಷಯ. ತಲಕಾಡು ಟಿ. ನರಸೀಪುರ ತಾಲ್ಲೂಕಿನಲ್ಲೇ ಇದೆ. ಹಳೆಯ ಊರುಗಳಿರುವ ಕಡೆ ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ಸಿಗುವುದುಂಟು. ಮನೆಯಲ್ಲಿ ತಲೆಮಾರಿನಿಂದ ಬಂದ ನಾಣ್ಯ ಬೇರೆ, ಮಣ್ಣಿನಲ್ಲಿ ಸಿಕ್ಕ ನಿಧಿ ಬೇರೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಕಾನೂನಿದೆ. ಅದನ್ನು ಮಾರುವುದು, ಕರಗಿಸುವುದು ಅಪರಾಧ.

ಮಾರುವುದಾದರೆ ಹೇಗೆ?

ಮೊದಲು ಮನೆಯಲ್ಲೇ ಲೋಹದ ಬೆಲೆ ಲೆಕ್ಕ ಹಾಕಿಕೊಳ್ಳಿ: ತೂಕವನ್ನು ಶುದ್ಧತೆಯಿಂದ ಗುಣಿಸಿ, ಆ ದಿನದ ಗ್ರಾಂ ದರದಿಂದ ಗುಣಿಸಿ. ಇದಕ್ಕಿಂತ ಸ್ವಲ್ಪ ಕಡಿಮೆ ಕೇಳುವುದು ವ್ಯಾಪಾರದಲ್ಲಿ ಸಹಜ. ಬಹಳ ಕಡಿಮೆ ಕೇಳಿದರೆ ಇನ್ನೊಂದು ಅಂಗಡಿಗೆ ಹೋಗಿ. ಕನಿಷ್ಠ ಎರಡು ಮೂರು ಕಡೆ ವಿಚಾರಿಸಿ. ತೂಕ ನಿಮ್ಮ ಕಣ್ಣೆದುರೇ ಆಗಲಿ. ಗೀಚುವ ಅಥವಾ ಆಮ್ಲ ಹಾಕುವ ಮುನ್ನ ನಿಮ್ಮ ಒಪ್ಪಿಗೆ ಕೇಳಲಿ. ವಿದೇಶಿ ನಾಣ್ಯವನ್ನು ಬ್ಯಾಂಕಿಗೆ ಒಯ್ದು ಪ್ರಯೋಜನವಿಲ್ಲ. ಅಲ್ಲಿ ಸಿಕ್ಕರೂ ಸಿಗುವುದು ಮುಖಬೆಲೆ.

ಕೊಳ್ಳುವವರಿಗೂ ಒಂದು ಮಾತು. ಹೊಸ ಬೆಳ್ಳಿ ನಾಣ್ಯ ಕೊಳ್ಳುವಾಗ ಶೇ. 3 ಜಿಎಸ್‌ಟಿ ಇರುತ್ತದೆ, ತಯಾರಿಕೆಯ ವೆಚ್ಚವೂ ಸೇರಿರುತ್ತದೆ. ಮಾರುವಾಗ ಇವೆರಡೂ ವಾಪಸ್ ಬರುವುದಿಲ್ಲ. ‘ಸೀಮಿತ ಸಂಖ್ಯೆ’ ಎಂದು ಹೆಚ್ಚಿಗೆ ಕೊಟ್ಟು ಕೊಂಡದ್ದನ್ನು ನಮ್ಮ ಊರಿನ ಅಂಗಡಿ ಬೆಳ್ಳಿಯ ಲೆಕ್ಕದಲ್ಲೇ ಕೊಳ್ಳುತ್ತದೆ. ಚಿತ್ರ ಇಷ್ಟವಾಗಿ ಕೊಂಡರೆ ಸಂತೋಷ. ಲಾಭಕ್ಕಾಗಿ ಕೊಂಡರೆ ಈ ವ್ಯತ್ಯಾಸ ನೆನಪಿರಲಿ.

ಕೊನೆಗೆ

ದೊಡ್ಡಮ್ಮನ ನಾಣ್ಯವನ್ನು ಅಡುಗೆಮನೆಯಲ್ಲೇ ತೂಗಿದೆವು: 31.1 ಗ್ರಾಂ. ನೀರಿನ ಪರೀಕ್ಷೆಯ ಉತ್ತರವೂ ಸರಿಯಾಗಿ ಬಂತು. ಎರಡನೇ ಅಂಗಡಿಯವರು ಯಂತ್ರದಲ್ಲಿ ನೋಡಿ, ಆ ದಿನದ ಬೆಳ್ಳಿ ದರಕ್ಕಿಂತ ಸ್ವಲ್ಪವೇ ಕಡಿಮೆ ಹಾಕಿ ಕೊಂಡರು. ಇನ್ನೂರಲ್ಲ, ಲಕ್ಷವೂ ಅಲ್ಲ. ಶುಲ್ಕದ ಕೊರತೆಯ ಒಂದು ಭಾಗ ತುಂಬಿತು, ಉಳಿದದ್ದಕ್ಕೆ ಕಾಲೇಜಿನವರು ಒಂದು ತಿಂಗಳು ಸಮಯ ಕೊಟ್ಟರು. ಆರು ರೂಪಾಯಿಗಳನ್ನು ಮಾರಲು ದೊಡ್ಡಮ್ಮ ಒಪ್ಪಲಿಲ್ಲ. ಅವು ತಿಕ್ಕದೆ, ತೊಳೆಯದೆ, ಬೀರುವಿನಲ್ಲೇ ಇವೆ.